ಮರೆವಿನ ಪ್ರಶ್ನೆಪತ್ರಿಕೆ ಹೊತ್ತು ಐದು ಊರು

ನನ್ನ ಜಾಗಕ್ಕೆ ಬಂದ ಹುಡುಗಿ ಹೋದ ತಿಂಗಳು ಮನೆಗೆ ಬಂದಿದ್ದಳು. ಚಹಾ ಕುಡಿದು, "ಮೇಡಂ, ಈ ಕೆಲಸಕ್ಕ ಮುಖ್ಯವಾಗಿ ಏನು ಗೊತ್ತಿರಬೇಕ್ರಿ?" ಎಂದು ಕೇಳಿದಳು. "ಯಾರ ಮನಿ ನಾಯಿ ಕಚ್ಚತೈತಿ ಅನ್ನೋದು ಗೊತ್ತಿರಬೇಕವ್ವ" ಎಂದೆ. ನಕ್ಕಳು, ಬರೆದುಕೊಳ್ಳಲಿಲ್ಲ. ತರಬೇತಿಯಲ್ಲಿ ಅವಳಿಗೆ ಕೊಟ್ಟ ದಪ್ಪ ಪುಸ್ತಕದಲ್ಲಿ ನಾಯಿಯ ವಿಷಯ ಇಲ್ಲ. ಅದರಲ್ಲಿ ಇಲ್ಲದ್ದು ಇನ್ನೂ ಬಹಳ ಇದೆ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಹಸೀನಾ, ಹಗರಿಬೊಮ್ಮನಹಳ್ಳಿಯವಳು. ಅಪ್ಪ ಪಂಪ್‌ಸೆಟ್ ಮೆಕ್ಯಾನಿಕ್. ಮನೆಯಲ್ಲಿ ಉರ್ದು, ಓಣಿಯಲ್ಲಿ ಓಣಿಯ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ. ಒಂದು ಮಾತನ್ನು ಇನ್ನೊಂದಕ್ಕೆ ದಾಟಿಸುವಾಗ ದಾರಿಯಲ್ಲಿ ಎಷ್ಟು ಚೆಲ್ಲುತ್ತದೆ ಎಂಬುದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ತೊಂಬತ್ತರ ದಶಕದಲ್ಲಿ ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ನೀರು ಕಾಯಿಸಿ ಕುಡಿಯುತ್ತೀರಾ, ಮಗುವಿಗೆ ಲಸಿಕೆ ಹಾಕಿಸಿದ್ದೀರಾ ಎಂದು ಮನೆ ಮನೆಗೆ ಹೋಗಿ ಕೇಳುವುದು. ಜನ ಎಷ್ಟು ಬಗೆಯಲ್ಲಿ ಸುಳ್ಳು ಹೇಳುತ್ತಾರೆ ಎಂಬುದನ್ನು ಆ ವರ್ಷಗಳಲ್ಲಿ ಕಲಿತೆ. ಎಷ್ಟು ಬಗೆಯಲ್ಲಿ ನಿಜ ಹೇಳುತ್ತಾರೆ ಎಂಬುದನ್ನು ಕಲಿತದ್ದು ಆಮೇಲೆ, ಈ ಪ್ರಶ್ನೆಪತ್ರಿಕೆಯಿಂದ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಬೆಂಗಳೂರಿನ ಒಂದು ಸಂಸ್ಥೆಯವರು ಬೇರೆ ದೇಶದಲ್ಲಿ ತಯಾರಾದ ಒಂದು ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ತಂದಿದ್ದರು. ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರಲ್ಲಿ ಕೆಲವರಿಗೆ ಮರೆವು ಬರುತ್ತದೆ, ಮಾತು ತಡವರಿಸುತ್ತದೆ, ತಲೆ ಮೊದಲಿನಂತೆ ಓಡುವುದಿಲ್ಲ. ಅದು ಎಷ್ಟಿದೆ ಎಂದು ಅಳೆಯುವ ಪ್ರಶ್ನೆಗಳು ಅವು. ಕನ್ನಡದಲ್ಲಿ ಅವು ಸರಿಯಾಗಿ ಅಳೆಯುತ್ತವೋ ಇಲ್ಲವೋ ಎಂದು ನಮ್ಮ ಐದು ಊರುಗಳಲ್ಲಿ ಪರೀಕ್ಷೆ ಮಾಡಿ ನೋಡುವುದು ನನ್ನ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಜೊತೆಗೆ ನಮ್ಮ ಊರು.

ಯೋಜನೆಯ ಮುಖ್ಯಸ್ಥರು ಡಾ. ಮುರಳೀಧರ್. ಒಳ್ಳೆಯ ಮನುಷ್ಯ. ಬೆಂಗಳೂರಿನಿಂದ ಬರುವಾಗ ತಮ್ಮ ಕುಡಿಯುವ ನೀರನ್ನು ತಾವೇ ತರುತ್ತಿದ್ದರು, ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ನನ್ನ ಮಾತು ಮುಗಿಯುವವರೆಗೂ ತಾಳ್ಮೆಯಿಂದ ಕಾಯುತ್ತಿದ್ದರು. ಕೇಳಿಸಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಮೊದಲ ಸಂದರ್ಶನ ಕೂಡ್ಲಿಗಿಯಲ್ಲಿ, ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿಕೊಂಡು ಬಂದಿದ್ದ ಒಬ್ಬ ಹೋಟೆಲ್ ಅಡುಗೆಯವನ ಮನೆಯಲ್ಲಿ. ಹೊಸ್ತಿಲ ಹತ್ತಿರ ಚಾಪೆ ಹಾಸಿದರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಕಳೆದ ಏಳು ದಿನಗಳಲ್ಲಿ, ನನಗೆ ಚಿಂತನೆ ಮಾಡಲು ತೊಂದರೆಯಾಗಿದೆ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಚಿಂತಿ ಮಾಡಾಕ ತೊಂದ್ರಿನಾ? ಯಾ ತೊಂದ್ರಿನೂ ಇಲ್ರಿ. ಕುಂತ್ರೂ ಬರತೈತಿ, ನಿಂತ್ರೂ ಬರತೈತಿ. ಭಾಳ ಸಲೀಸು."

ನಿಯಮದ ಪ್ರಕಾರ ನಾನು 'ಎಂದಿಗೂ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದೆ. ಆ ಅಂಕದ ಲೆಕ್ಕದಲ್ಲಿ ಕೂಡ್ಲಿಗಿಯಲ್ಲಿ ಅವನಷ್ಟು ಚುರುಕು ತಲೆಯವನು ಇನ್ನೊಬ್ಬನಿರಲಿಲ್ಲ.

ಮೂರನೆಯ ಪ್ರಶ್ನೆ: "ನಾನು ಒಂದು ಕೋಣೆಯೊಳಗೆ ಹೋಗಿ, ಏಕೆ ಬಂದೆನೆಂಬುದನ್ನು ಮರೆತಿದ್ದೇನೆ."

ಒಲೆಯ ಮುಂದಿದ್ದ ಅವನ ಹೆಂಡತಿ ತಿರುಗಿದಳು. "ಕೋಣಿ ಎಲ್ಲಿಂದ ತರೂಣ್ರಿ ಮೇಡಮ್ಮಾರ? ಇರೋದ ಇದೊಂದು ಪಡಸಾಲಿ. ಮರೀಬೇಕಂದ್ರೂ ಹೋಗಾಕ ಜಾಗಿಲ್ಲ."

ಅಲ್ಲಿಂದಾಚೆ ನಾನೊಂದು ದೊಡ್ಡ ತಪ್ಪು ಮಾಡಿದೆ. ಹೊಸಬರು ಇದನ್ನಾದರೂ ಬರೆದುಕೊಳ್ಳಿ. ಜನರಿಗೆ ಅರ್ಥವಾಗಲಿ ಎಂದು ಪ್ರತಿ ಮನೆಯಲ್ಲೂ ಒಂದು ಉದಾಹರಣೆ ಸೇರಿಸಿ ಹೇಳತೊಡಗಿದೆ: "ಅಂದ್ರ, ಸಂತಿಗೆ ಹೋಗಿ ಉಪ್ಪು ತರೋದು ಮರತಿದ್ದೈತೇನು?" ಎಲ್ಲರ ಮುಖವೂ ಅರಳುತ್ತಿತ್ತು. ಹೌದ್ರಿ, ಉಪ್ಪು ಮರತೀವಿ ಎನ್ನುತ್ತಿದ್ದರು. ಮರೆಯದವರು ಕೂಡ, ಮನೆಗೆ ಬಂದವಳಿಗೆ ಇಲ್ಲ ಎನ್ನುವುದು ಹೇಗೆ ಎಂದು, ಉಪ್ಪು ಮರೆತರು. ಕಾಗದಗಳು ಬೆಂಗಳೂರಿಗೆ ಹೋದವು. ಮುರಳೀಧರ್ ಅವರು ಫೋನ್ ಮಾಡಿ, "ಹಸೀನಾ, ಕೂಡ್ಲಿಗಿಯಲ್ಲಿ ಉಪ್ಪಿನ ಅಭಾವ ಇದೆಯಾ?" ಎಂದು ಗಂಭೀರವಾಗಿ ಕೇಳಿದರು. ಆ ಕಾಗದಗಳೆಲ್ಲ ಕಸಕ್ಕೆ ಹೋದವು. ಸಂದರ್ಶಕಿ ಉದಾಹರಣೆ ಕೊಡಬಾರದು, ಮಾಹಿತಿ ಕೊಡಬಾರದು, ಸಮಾಧಾನ ಹೇಳಬಾರದು, ಇದ್ದದ್ದನ್ನು ಇದ್ದಂತೆ ಓದಬೇಕು ಎಂದು ನನ್ನಿಂದ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು.

ಇದ್ದದ್ದನ್ನು ಇದ್ದಂತೆ ಓದಿಕೊಂಡು ಹರಪನಹಳ್ಳಿಗೆ ಹೋದೆ. ಪ್ರಶ್ನೆಪತ್ರಿಕೆಯ ತಲೆಯ ಮೇಲೆ 'ಅರ್ಬುದ ರೋಗಿಗಳ ಸಂಜ್ಞಾನಾತ್ಮಕ ಕಳವಳಗಳು' ಎಂದು ಅಚ್ಚಾಗಿತ್ತು. ಭಾಷಾಂತರ ಮಾಡಿಸಿದ ಸಮಿತಿಯಲ್ಲಿದ್ದ ಕನ್ನಡ ಪ್ರಾಧ್ಯಾಪಕರಿಗೆ ಕ್ಯಾನ್ಸರ್ ಎಂಬ ಪದ ಕನ್ನಡದ್ದಲ್ಲ ಎಂಬ ಕಳವಳ, ಅದಕ್ಕೇ 'ಅರ್ಬುದ'. ಹರಪನಹಳ್ಳಿಯಲ್ಲಿ ನನಗೆ ಸಿಕ್ಕ ರೋಗಿ ನಿವೃತ್ತ ಗಣಿತ ಮೇಷ್ಟ್ರು. ಕನ್ನಡಕ ಏರಿಸಿ ಓದಿದರು, ಇಳಿಸಿದರು.

"ಅರ್ಬುದ ಅಂದ್ರೆ ಹತ್ತು ಕೋಟಿ ಕಣಮ್ಮ. ನನಗಿರೋದು ಒಂದೇ ಗಡ್ಡೆ."

ಹಡಗಲಿಯಲ್ಲಿ ಕಥೆಯೇ ಬೇರೆ. ಮಲ್ಲಿಗೆ ತೋಟದ ಯಜಮಾನರೊಬ್ಬರು ಎಲ್ಲ ಪ್ರಶ್ನೆಗೂ 'ಎಂದಿಗೂ ಇಲ್ಲ' ಎನ್ನುತ್ತ ಹೋದರು. ಅವರ ಬೆನ್ನ ಹಿಂದೆ ಹೆಂಡತಿ ನಿಂತು, ಪ್ರತಿ ಉತ್ತರಕ್ಕೂ ನನ್ನ ಕಡೆ ನೋಡಿ, ಸುಳ್ಳು ಎಂಬಂತೆ ಅಡ್ಡಡ್ಡ ತಲೆಯಾಡಿಸುತ್ತಿದ್ದರು. ಮುಗಿದ ಮೇಲೆ ಯಜಮಾನರು ಮೆಲ್ಲಗೆ, "ಪಾಸಾದ್ನೇನ್ರಿ? ಪಾಸಾದ್ರ ಕರೆಂಟ್ ಕೊಡೋದು ನಿಲ್ಲಸ್ತಾರಂತ?" ಎಂದು ಕೇಳಿದರು. ಕರೆಂಟ್ ಎಂದರೆ ವಿಕಿರಣ ಚಿಕಿತ್ಸೆ. ನಮ್ಮ ಕಡೆ ಹಾಗೆಯೇ ಅನ್ನುತ್ತಾರೆ. ಹೆಂಡತಿಯ ತಲೆಯಾಟಕ್ಕೆ ಕಾಗದದಲ್ಲಿ ಚೌಕವಿರಲಿಲ್ಲ.

ಇದನ್ನೆಲ್ಲ ಬರೆದುಕೊಂಡು ಬೆಂಗಳೂರಿನ ಸಭೆಗೆ ಹೋದೆ. ಉದ್ದ ಮೇಜು, ಬಿಸ್ಕತ್ತು, ತಣ್ಣಗಿನ ಕೋಣೆ. ಭಾಷಾಂತರ ಸರಿಯಿದೆಯೇ ಎಂದು ನೋಡುವ ವಿಧಾನವನ್ನು ಅಲ್ಲಿ ನನಗೆ ವಿವರಿಸಿದರು. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಒಯ್ಯುತ್ತಾರೆ. ಮೊದಲಿನ ಇಂಗ್ಲಿಷೂ ಕೊನೆಯ ಇಂಗ್ಲಿಷೂ ತಾಳೆಯಾದರೆ ಕನ್ನಡ ಗೆದ್ದ ಹಾಗೆ. 'ಸಂಜ್ಞಾನಾತ್ಮಕ', 'ಮಂದಗತಿ', 'ಚಿಂತನಾ ಪ್ರಕ್ರಿಯೆ', ಇವೆಲ್ಲ ಹೋದ ದಾರಿಯಲ್ಲೇ ಒಂದು ಕೂದಲೂ ಕೊಂಕದೆ ವಾಪಸ್ ಬಂದಿದ್ದವು. ಬರದೇ ಏನು? ಅವು ಇಂಗ್ಲಿಷಿನ ಬೆನ್ನು ಬಿಟ್ಟು ಕೆಳಗೆ ಇಳಿದಿರಲೇ ಇಲ್ಲ.

"ಸರ್, ಎರಡೂ ಕಡೆ ಇಂಗ್ಲಿಷು ಸರಿ ಐತ್ರಿ. ನಡುವಿನ ಕನ್ನಡ ಯಾರಿಗೂ ತಿಳೀವಲ್ದು" ಎಂದೆ.

ಪ್ರಾಧ್ಯಾಪಕರು ಬಿಸ್ಕತ್ತು ಕೆಳಗಿಟ್ಟು, "ನಿಮ್ಮ ಭಾಗದಲ್ಲಿ ಕನ್ನಡದ ಮಟ್ಟ ಸ್ವಲ್ಪ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಸಭ್ಯರು.

ಮುರಳೀಧರ್ ಅವರು ನನ್ನ ಮಾತು ಮುಗಿಯುವವರೆಗೂ ಕಾದರು. ಆಮೇಲೆ, 'ಅರ್ಬುದ' ತೆಗೆದು 'ಕ್ಯಾನ್ಸರ್' ಮಾಡೋಣ, ಉಳಿದದ್ದು ಇದ್ದ ಹಾಗೇ ಇರಲಿ, ಕೊಟ್ಟೂರಿನ ಕೆಲಸ ಮುಗಿಸಿ ಎಂದರು.

ಕೊಟ್ಟೂರಿನಲ್ಲಿ ನಾನು ಮಾತಾಡಿಸಬೇಕಿದ್ದ ರೋಗಿಯ ಹೆಸರು ಕೊಟ್ರಮ್ಮ. ಗಂಡ ಚನ್ನಬಸಪ್ಪ, ಸ್ವಂತ ಹಿಟ್ಟಿನ ಗಿರಣಿ. ಗಿರಣಿ ಹೆಸರಿಗೆ ಗಂಡನದು, ನಡೆಸುತ್ತಿದ್ದವಳು ಆಕೆ. ಸಾಲಾಗಿ ಇಟ್ಟ ಡಬ್ಬಿಗಳಲ್ಲಿ ಯಾವುದು ಯಾರದು, ಯಾರಿಗೆ ಸಣ್ಣ ಹಿಟ್ಟು, ಯಾರಿಗೆ ರವೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಎಲ್ಲ ಆಕೆಯ ತಲೆಯಲ್ಲಿ. ಚೀಟಿ ಅಂಟಿಸುವ ಪದ್ಧತಿಯೇ ಆ ಗಿರಣಿಯಲ್ಲಿ ಇರಲಿಲ್ಲ. ಎದೆಯ ಗಡ್ಡೆಗೆ ಆಪರೇಷನ್ ಆಗಿ, ಕೀಮೋ ಮುಗಿದು, ಕೂದಲು ಮತ್ತೆ ಚಿಗುರುವ ಹೊತ್ತಿಗೆ ಗಿರಣಿಗೆ ಹಿಂತಿರುಗಿದಳು. ಡಬ್ಬಿಗಳು ಅದಲುಬದಲಾಗತೊಡಗಿದವು. ಜೋಳ ಕೊಟ್ಟವರಿಗೆ ಗೋಧಿ ಹೋಯಿತು. ಕೊನೆಗೆ ಒಂದು ದಿನ, ಮೆಣಸಿನಕಾಯಿ ಬೀಸಿದ ಮೇಲೆ ಕಲ್ಲು ತೆರೆದು ಒರೆಸುವುದನ್ನು ಮರೆತು ಒಂದು ಕೂಸಿನ ರಾಗಿ ಬೀಸಿಕೊಟ್ಟಳು. ಕೂಸಿನ ಬಾಯಿ ಉರಿದು, ಕೂಸಿನ ಅಜ್ಜಿ ಗಿರಣಿಯ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಬೈದಳು.

ಇದೆಲ್ಲ ನನಗೆ ಗೊತ್ತಾದದ್ದು ಗಿರಣಿಯ ಬಾಗಿಲಲ್ಲಿ, ಚನ್ನಬಸಪ್ಪನಿಂದ. ಮೈಯೆಲ್ಲ ಹಿಟ್ಟು ಮಾಡಿಕೊಂಡು, ಕೆಲಸ ಬಾರದವನ ಅವಸರದಲ್ಲಿ ಇದ್ದ.

"ಏನು ಕೇಳೋದಿದ್ರೂ ಇವತ್ತ ಕೇಳಿ ಮುಗಿಸ್ರಿ" ಎಂದ. "ಸೋಮವಾರ ಹುಚ್ಚಾಸ್ಪತ್ರಿಗೆ ಕರ್ಕೊಂಡು ಹೊಂಟೀನಿ. ಆಕಿ ತಲಿ ಕೆಟ್ಟೈತ್ರಿ. ಬ್ಯಾನಿ ಎದಿಯಾಗಿನಿಂದ ತಲಿಗೇರೇತಿ ಅಂತ ಎಲ್ಲಾರೂ ಅಂತಾರ."

ಕೆಟ್ಟವನಲ್ಲ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಹಿಟ್ಟಿನ ಕೈಯಿಂದ ಒರೆಸಿಕೊಂಡು ಇನ್ನಷ್ಟು ಕೆಡಿಸಿಕೊಂಡ.

ಕೊಟ್ರಮ್ಮ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸೆರಗು ಹಣೆಯವರೆಗೂ ಎಳೆದುಕೊಂಡಿದ್ದಳು. ತಿಂಗಳುಗಳಿಂದ ಗಂಡ ಅವಳನ್ನು ಗಿರಣಿಯ ಕಡೆ ಬಿಟ್ಟಿರಲಿಲ್ಲ. ನಾನು ಹೆಸರು ಕೇಳಿದ್ದಕ್ಕೇ ಬೆಚ್ಚಿದಳು. ಹುಚ್ಚಿಯೋ ಅಲ್ಲವೋ ಎಂದು ಪರೀಕ್ಷೆ ಮಾಡಲು ಬಂದವಳು ಎಂದುಕೊಂಡಿರಬೇಕು. ನಾನೋ, ಸಮಾಧಾನ ಹೇಳುವುದಿಲ್ಲ ಎಂದು ಸಹಿ ಮಾಡಿದವಳು. ಇದ್ದದ್ದನ್ನು ಇದ್ದಂತೆ ಓದಿದೆ.

"ಕಳೆದ ಏಳು ದಿನಗಳಲ್ಲಿ, ನನ್ನ ಆಲೋಚನೆಯು ಮಂದಗತಿಯಲ್ಲಿ ಸಾಗಿದೆ."

ಅವಳು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

ಈ ಪರೀಕ್ಷೆಯಲ್ಲಿ ಕಾಗದದ ಆಚೆಗೆ ನನಗೆ ಅನುಮತಿಯಿದ್ದ ಪ್ರಶ್ನೆ ಒಂದೇ. ಅದನ್ನು ಕೇಳಿದೆ: "ಇದರಾಗ ನಿಮಗ ಏನು ತಿಳೀತು, ನಿಮ್ಮ ಮಾತಿನಾಗ ಹೇಳ್ರಿ."

ಸೆರಗಿನ ಒಳಗಿಂದಲೇ ಹೇಳಿದಳು. "ತಲಿ ಮಂಕಾಗೇತ್ರಿ. ಹುಚ್ಚಲ್ಲ. ಹುಚ್ಚಾದ್ರ ತನಗ ಗೊತ್ತಾಗಂಗಿಲ್ಲ. ನನಗ ಎಲ್ಲಾ ಗೊತ್ತಾಗತೈತಿ. ಪಟ್ಟಾ ಜಾರಿದ ಗಿರಣಿ ನೋಡೀರೇನ್ರಿ? ಮೋಟಾರು ತಿರುಗತೈತಿ, ಕಲ್ಲು ತಿರುಗಂಗಿಲ್ಲ. ಹಂಗ."

ನಾನು ಮೆಕ್ಯಾನಿಕ್‌ನ ಮಗಳು. ಮೋಟಾರಿನ ಬೆಲ್ಟು, ಆ ಪಟ್ಟಾ, ಜಾರುವುದು ಎಂದರೇನೆಂದು ನನಗೆ ವಿವರಿಸಬೇಕಾಗಿರಲಿಲ್ಲ. ಆ ತಣ್ಣಗಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಹುಡುಕಿದ ಮಾತು ಇಲ್ಲಿ ಒಳಮನೆಯ ಕತ್ತಲಲ್ಲಿ ಕೂತಿತ್ತು. ಅಕ್ಷರ ಬಿಡದೆ ಬರೆದುಕೊಂಡೆ. ಕೋಣೆಯ ಪ್ರಶ್ನೆ ಓದಿದೆ. ಆಮೇಲಿನದು, ಹೆಸರುಗಳು ನೆನಪಿಗೆ ಬಾರದೆ ಇರುವುದರ ಬಗ್ಗೆ. ಅದರ ಮುಂದಿನದು, ಹಿಡಿದ ಕೆಲಸ ನಡುವೆ ಬಿಟ್ಟುಹೋಗುವುದರ ಬಗ್ಗೆ. ಒಂದೊಂದು ಓದಿದ ಹಾಗೂ ಆಕೆ ಗೋಡೆ ಬಿಟ್ಟು ಮುಂದೆ ಮುಂದೆ ಬಾಗುತ್ತಿದ್ದಳು.

"ಇದನ್ನ ನಮ್ಮ ಮನ್ಯಾರು ಹೇಳಿ ಬರಸ್ಯಾರೇನ್ರಿ?" ಎಂದಳು.

"ಇಲ್ಲವ್ವ. ಎಲ್ಲಾರಿಗೂ ಇದ ಕಾಗದ."

"ಎಲ್ಲಾರಿಗೂ ಅಂದ್ರ ಯಾರಿಗೆ? ನನ್ನಂಗ ಇನ್ನೂ ಅದಾರೇನು?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಉಪ್ಪಿನ ಪ್ರಕರಣ ಇನ್ನೂ ಮರೆತಿರಲಿಲ್ಲ. ಇನ್ನೊಂದು ತಪ್ಪಾದರೆ ಕೆಲಸದಿಂದ ತೆಗೆಯುವುದಾಗಿ ಹೇಳಿಯೂ ಆಗಿತ್ತು. ಹೊರಗೆ ಗಿರಣಿ ಓಡುತ್ತಿತ್ತು. ಸೋಮವಾರಕ್ಕೆ ಮೂರು ದಿನ ಉಳಿದಿತ್ತು.

"ಅದಾರವ್ವ" ಎಂದೆ. "ಒಬ್ಬಾಕಿಗೆ ಆಗಿದ್ರ ಯಾರರ ಅಚ್ಚು ಹಾಕಸ್ತಿದ್ರೇನು? ಆ ಮದ್ದು ತಗೊಂಡ ಕೆಲವರಿಗೆ ಹಿಂಗ ಆಗತೈತಿ. ಹುಚ್ಚಲ್ಲ ಇದು."

ಕೊಟ್ರಮ್ಮ ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. ಎದ್ದಳು. ಸೆರಗು ಹೆಗಲಿಗೆ ಜಾರಿತು, ಎಳೆದುಕೊಳ್ಳಲಿಲ್ಲ. ಬೆರಳುದ್ದದ ಕೂದಲಲ್ಲೇ ಅಂಗಳ ದಾಟಿ ಗಿರಣಿಯೊಳಗೆ ಹೋಗಿ ಗಂಡನ ಮುಂದೆ ನಿಂತಳು. ಡಬ್ಬಿ ಇಟ್ಟುಕೊಂಡು ಕೂತಿದ್ದ ಹೆಂಗಸರು ಹಿಂದೆ ಸರಿದರು. ಚನ್ನಬಸಪ್ಪ ಮೋಟಾರು ಆರಿಸಿದ. ಆ ಹಠಾತ್ ಮೌನದಲ್ಲಿ ಆಕೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. 'ಮಂದಗತಿ'ಯಲ್ಲಿ ಎರಡು ಸಲ ಎಡವಿ, ಅದನ್ನು ಬಿಟ್ಟು 'ಮಂಕು' ಎಂದೇ ಓದಿಕೊಂಡು ಮುಂದೆ ಹೋದಳು.

"ನೋಡ್ರಿ, ಅಚ್ಚಾಗೇತಿ" ಎಂದಳು. "ನಾ ಹೇಳಿದ್ರ ನಂಬಲಿಲ್ಲ. ಇದಕ್ಕೇನಂತೀರಿ?"

ಚನ್ನಬಸಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನನ್ನು ಕೇಳಿದ. "ಖರೇನ್ರಿ? ಬೆಂಗಳೂರಾಗ ಹಾಕಿಸಿದ್ದಾ?"

"ಹೌದ್ರಿ. ಸೋಮವಾರ ಬ್ಯಾರೆ ಎಲ್ಲೂ ಹೋಗಬ್ಯಾಡ್ರಿ. ಕೀಮೋ ಕೊಟ್ಟ ಡಾಕ್ಟರ ಹತ್ರ ಹೋಗಿ ಇದನ್ನ ತೋರಿಸಿ ಕೇಳ್ರಿ."

ಹೋದರು. ಆ ಡಾಕ್ಟರು, ಇದು ಮದ್ದಿನಿಂದಲೂ ಆಗುವುದುಂಟು, ಬಹಳಷ್ಟು ಜನರಿಗೆ ನಿಧಾನಕ್ಕೆ ತಿಳಿಯಾಗುತ್ತದೆ, ಅಲ್ಲಿಯವರೆಗೆ ಗುರುತು ಮಾಡಿಕೊಂಡು ಕೆಲಸ ಮಾಡಿ ಎಂದರಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಚನ್ನಬಸಪ್ಪ ಕೇಳಿದ್ದಕ್ಕೆ, ನೀವು ಕೇಳಲಿಲ್ಲವಲ್ಲ ಎಂದರಂತೆ. ದೊಡ್ಡ ಆಸ್ಪತ್ರೆಗಳಲ್ಲಿ ಇದೊಂದು ಉತ್ತರ ಯಾವಾಗಲೂ ದಾಸ್ತಾನು ಇರುತ್ತದೆ.

ಇತ್ತ ನನ್ನ ಕಷ್ಟ ಶುರುವಾಯಿತು. ಪ್ರತಿ ಪ್ರಶ್ನೆಪತ್ರಿಕೆಗೂ ಸಂಖ್ಯೆ ಇತ್ತು. 'ಒಂದು ಪ್ರತಿ ರೋಗಿಯ ಬಳಿ ಉಳಿದಿದೆ' ಎಂದು ಬರೆದು ಕಳಿಸಿದೆ. ಮರುದಿನವೇ ಫೋನ್.

"ಉಳಿದಿದೆ ಅಂದರೇನು ಹಸೀನಾ? ಅದು ಗೋಪ್ಯ ದಾಖಲೆ."

ನಡೆದದ್ದೆಲ್ಲ ಹೇಳಿದೆ. ಮುಗಿಯುವವರೆಗೂ ಕಾದರು. "ಎರಡು ವಾರದ ನಂತರದ ಮರುಪರೀಕ್ಷೆಗೆ ನಾನೇ ಬರುತ್ತೇನೆ. ಆಮೇಲೆ ನಿಮ್ಮ ವಿಷಯ ತೀರ್ಮಾನ ಮಾಡೋಣ" ಎಂದರು.

ಮರುಪರೀಕ್ಷೆ ಎಂದರೆ, ಮೊದಲು ಕೇಳಿದ ಅದೇ ಪ್ರಶ್ನೆಗಳನ್ನು ಎರಡು ವಾರ ಬಿಟ್ಟು ಅದೇ ಜನರಿಗೆ ಕೇಳುವುದು. ಉತ್ತರ ಹೆಚ್ಚುಕಡಿಮೆ ಒಂದೇ ಬಂದರೆ ಪ್ರಶ್ನೆಪತ್ರಿಕೆ ನಂಬಲು ಯೋಗ್ಯ. ಬೇರೆ ಊರುಗಳಲ್ಲಿ ಅದು ಆಗಲೇ ಮುಗಿದಿತ್ತು. ಕೂಡ್ಲಿಗಿಯ ಅಡುಗೆಯವನು ಮೊದಲ ಪ್ರಶ್ನೆಗೇ, "ಹೋದ ಸಲ ಹೇಳಿದ್ನಲ್ರಿ ಮೇಡಮ್ಮಾರ. ನಿಮಗೂ ಕೀಮೋ ಕೊಟ್ಟಾರೇನು?" ಎಂದ. ಹಡಗಲಿಯ ಯಜಮಾನರಂತೂ ಹಿಂದಿನ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡು ಕಾಯುತ್ತಿದ್ದರು. ಅವರ ಎರಡು ಕಾಗದಗಳು ಕೂದಲೆಳೆಯಷ್ಟೂ ತಪ್ಪದೆ ತಾಳೆಯಾದವು. ಬೆಂಗಳೂರಿನಲ್ಲಿ ಅದನ್ನು ಕಂಡು ಬಹಳ ಸಂತೋಷಪಟ್ಟರು.

ಕೊಟ್ಟೂರಿಗೆ ಮುರಳೀಧರ್ ಅವರ ಜೀಪಿನಲ್ಲೇ ಹೋದೆವು. ಗಿರಣಿ ಓಡುತ್ತಿತ್ತು. ಕಲ್ಲಿನ ಮುಂದೆ ಕೊಟ್ರಮ್ಮ ನಿಂತಿದ್ದಳು, ಚನ್ನಬಸಪ್ಪ ಚೀಲ ಎತ್ತಿಕೊಡುತ್ತಿದ್ದ. ಪ್ರತಿ ಡಬ್ಬಿಯ ಹಿಡಿಕೆಗೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿತ್ತು. ಸ್ವಿಚ್ ಬೋರ್ಡಿನ ಪಕ್ಕದ ಗೋಡೆಗೆ, ಮೈದಾ ಅಂಟಿನಿಂದ ಬಲವಾಗಿ ಅಂಟಿಸಿ, ನಮ್ಮ ಗೋಪ್ಯ ದಾಖಲೆ.

ಮುರಳೀಧರ್ ಅವರ ಮುಖ ಕೆಂಪಾಯಿತು. "ಇದನ್ನು ಎಷ್ಟು ಜನ ಓದಿದ್ದಾರೆ?" ಎಂದರು.

ಡಬ್ಬಿ ಹಿಡಿದು ಕೂತಿದ್ದ ಒಬ್ಬ ಮುದುಕಿ ಉತ್ಸಾಹದಿಂದ ಹೇಳಿದಳು: "ಎಲ್ಲಾರೂ ಓದೀವ್ರಿ ಸಾಹೇಬ್ರ. ಓದಾಕ ಬರದಾರಿಗೆ ಓದಿ ಹೇಳೀವಿ. ಆ ಮೂರನೇದು ನನಗೂ ಆಗತೈತಿ, ನನಗ ಯಾ ಬ್ಯಾನಿನೂ ಇಲ್ಲ." ಮೆಣಸಿನಪುಡಿ ತಿಂದ ಕೂಸಿನ ಅಜ್ಜಿ ಅವಳೇ ಎಂದು ಆಮೇಲೆ ತಿಳಿಯಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊಟ್ರಮ್ಮನ ಉತ್ತರಗಳನ್ನು ಅಧ್ಯಯನದಿಂದ ಹೊಡೆದುಹಾಕಿದರು. ಪ್ರಶ್ನೆಗಳನ್ನು ಮೊದಲೇ ಗೋಡೆಗೆ ಅಂಟಿಸಿಕೊಂಡವಳನ್ನು ಎಣಿಸಲು ಬರುವುದಿಲ್ಲ. ಅದು ಸರಿಯೇ. ನನ್ನ ಕೆಲಸ ಉಳಿಯಿತು. ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮುಂದಿನ ಸಭೆಯಲ್ಲಿ 'ಮಂದಗತಿ'ಯನ್ನು ತೆಗೆದು 'ತಲೆ ಮಂಕಾಗಿತ್ತು' ಎಂದು ಹಾಕಬೇಕೆಂದು ಹಟ ಹಿಡಿದವರು ಮುರಳೀಧರ್. ಅದು ಇಂಗ್ಲಿಷಿಗೆ ಹೋಗಿ ಅಡ್ಡಾದಿಡ್ಡಿಯಾಗಿ ವಾಪಸ್ ಬಂತು. ಪ್ರಾಧ್ಯಾಪಕರು ಆಕ್ಷೇಪಿಸಿದರು. ಬರಲಿ ಬಿಡಿ ಎಂದರಂತೆ ಇವರು.

ಅವರನ್ನು ಬದಲಾಯಿಸಿದ್ದು ನನ್ನ ವರದಿಯಲ್ಲ. ಆ ದಿನ ಗಿರಣಿಯಲ್ಲಿ ನಡೆದ ಮಾತು.

ಕೊಟ್ರಮ್ಮ ಮೋಟಾರು ಆರಿಸಿ, ಕೈ ಕೊಡವಿಕೊಂಡು ಹತ್ತಿರ ಬಂದಳು. ಅವರಿಗೆ ಕುರ್ಚಿ ಹಾಕಿಸಿದಳು. ಅವರು ಕೂರಲಿಲ್ಲ.

"ಇದನ್ನ ಬರದಾರು ನೀವೇನ್ರಿ ಸಾಹೇಬ್ರ?"

"ನಾನಲ್ಲಮ್ಮ. ಇದು ಬೇರೆ ದೇಶದ್ದು. ನಾವು ಕನ್ನಡಕ್ಕೆ ತಂದೆವು."

"ಅಲ್ಲಿ ಯಾರಿಗೋ ಆಗಿದ್ದಕ್ಕ ಬರದಿರಬೇಕಲ್ರಿ? ಆಗದ ಹಿಂಗ ಬರಿಯಾಕ ಬರಂಗಿಲ್ಲ."

"ಹೌದು. ಅಲ್ಲಿಯ ರೋಗಿಗಳನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಮಾಡಿದ್ದು."

"ಹೆಣ್ಮಕ್ಕಳನ?"

"ಹೆಂಗಸರೂ ಇದ್ದಿರಬೇಕು."

ಆಕೆ ಗೋಡೆಯ ಕಾಗದದ ಹತ್ತಿರ ಹೋಗಿ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. ಹಿಟ್ಟಿನ ಗುರುತು ಮೂಡಿತು.

"ಈ ಕೋಣಿಯೊಳಗ ಹೋಗಿ, ಯಾಕ ಬಂದೆ ಅಂತ ಮರತು ನಿಂತಾಳಲ್ರಿ, ಆಕಿ" ಎಂದಳು. "ಈಗ ಹೆಂಗದಾಳ? ಆರಾಮಾಗ್ಯಾಳೇನು?"

ಆ ಪ್ರಶ್ನೆಪತ್ರಿಕೆಯ ಬಗ್ಗೆ ಮುರಳೀಧರ್ ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಯಾವ ಪ್ರಶ್ನೆ ಯಾವುದರ ಜೊತೆ ಎಷ್ಟು ತಾಳೆಯಾಗುತ್ತದೆ ಎಂದು ಕಾಗದ ನೋಡದೆ ಹೇಳಬಲ್ಲವರು.

"ಗೊತ್ತಿಲ್ಲಮ್ಮ" ಎಂದರು.

"ಅಷ್ಟೆಲ್ಲಾ ಕೇಳಿದವರು ಇದೊಂದು ಕೇಳಲಿಲ್ಲೇನ್ರಿ?" ಎಂದಳು ಕೊಟ್ರಮ್ಮ. ಕೊಂಕಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಆಕೆಗೆ ಬೇಕಾಗಿತ್ತು ಆ ಸುದ್ದಿ.

ಮಂದಿ ಡಬ್ಬಿ ಹಿಡಿದು ಕೂತಿದ್ದರು. ತಿರುಗಿ ಹೋಗಿ ಸಾಲಿನ ಮೊದಲ ಡಬ್ಬಿಯ ಬಟ್ಟೆಚೂರು ನೋಡಿ, ಅದರ ಒಡತಿಯ ಹೆಸರು ಹಿಡಿದು ಕರೆದು, ಜೋಳ ಸುರಿದು ಸ್ವಿಚ್ ಒತ್ತಿದಳು. ಮುರಳೀಧರ್ ಅವರು ಏನೋ ಹೇಳಿದರು. ಗಿರಣಿ ಶುರುವಾಗಿತ್ತು, ಯಾರಿಗೂ ಕೇಳಿಸಲಿಲ್ಲ.